ಹಣೆಬರಹ ಓದುವ ಹನ್ನೆರಡು ಸಾಲು

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಹುಟ್ಟಿಸಿದ್ದಲ್ಲ. ಹೆಸರನ್ನು ನಂಬಿ ಕೈ ಸುಟ್ಟುಕೊಂಡವರೇ ಯಾರೋ ಹೇಳಿರಬೇಕು. ವರ್ಷಗಟ್ಟಲೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವಳಿಗೆ ಇದನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಶಾಂತಕುಮಾರ ಡೆಸ್ಕಿನ ಮೇಲೆ ನಿಂತು ಪಕ್ಕದವನನ್ನು ಕುಸ್ತಿಗೆ ಕರೆಯುತ್ತಾನೆ. ಭೀಮಪ್ಪ ಜೋರು ಗಾಳಿ ಬಂದರೆ ಕಿಟಕಿಯ ಸರಳು ಹಿಡಿದುಕೊಳ್ಳಬೇಕು. ಮನುಷ್ಯರ ಲೋಕದಲ್ಲಿ ಇದು ನಗೆಯ ವಿಷಯ. ಕಂಪ್ಯೂಟರಿನ ಲೋಕದಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಫೈಲಿನ ಹೆಸರಿಗೂ ಒಂದು ಚುಕ್ಕಿ, ಚುಕ್ಕಿಯ ಮುಂದೆ ಮೂರು ನಾಲ್ಕಕ್ಷರದ ಬಾಲ. ಬಾಲದಲ್ಲಿ ‘ಇಎಕ್ಸ್‌ಇ’ ಎಂದಿದ್ದರೆ ಅದು ಓಡುವ ಫೈಲು. ಅಂದರೆ ಓದಿ ಮುಗಿಸುವ ಪತ್ರವಲ್ಲ, ನೋಡಿ ಮುಗಿಸುವ ಚಿತ್ರವಲ್ಲ. ಪ್ರೊಸೆಸರ್ ಎಂಬ ಯಂತ್ರದ ಮಿದುಳು ಒಂದೊಂದಾಗಿ ಪಾಲಿಸಬೇಕಾದ ಆಜ್ಞೆಗಳ ಕಟ್ಟು. ಆದರೆ ಯಾವ ಪ್ರೊಸೆಸರ್ ಪಾಲಿಸಬೇಕು? ಎಲ್ಲ ಪ್ರೊಸೆಸರ್‌ಗಳಿಗೂ ಒಂದೇ ಭಾಷೆ ಬರುವುದಿಲ್ಲವಲ್ಲ. ಅದನ್ನು ಮಾತ್ರ ಆ ಬಾಲ ಹೇಳುವುದಿಲ್ಲ.

ಈ ಪ್ರಶ್ನೆ ನನಗೆ ಬರಿಯ ಕುತೂಹಲದಿಂದ ಹುಟ್ಟಿದ್ದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಆ ವರ್ಷದ ಕೊನೆಯಲ್ಲೇ ನಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ಕೂಡಿ ವಿಂಡೋಸ್ 11 ಇರುವ ಆರು ಹೊಸ ಯಂತ್ರಗಳನ್ನು ಕೊಟ್ಟರು. ಹೊಸ ಸೊಸೆ ಬಂದ ಮೇಲೆ ಹಳೆಯ ಪೆಟ್ಟಿಗೆಗಳೆಲ್ಲ ಅಟ್ಟ ಸೇರುವಂತೆ, ಹಳೆಯ ಯಂತ್ರಗಳ ಹೆಸರೆಲ್ಲ ವಿಲೇವಾರಿ ಪಟ್ಟಿ ಸೇರಿತು. ಪಟ್ಟಿಗೆ ಮುಖ್ಯೋಪಾಧ್ಯಾಯರ ಸಹಿ ಬೀಳುವುದಕ್ಕೆ ಒಂದು ವಾರವಿತ್ತು. ಯಂತ್ರ ಜೋಡಿಸಲು ಬಂದಿದ್ದ ಹುಡುಗ ಹಳೆಯದರಲ್ಲಿದ್ದ 63 ಪ್ರೋಗ್ರಾಮುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಸದರಲ್ಲಿ ಎರಡನ್ನು ತೆರೆಯಲು ನೋಡಿ, “ಮೇಡಂ, ಇವೆಲ್ಲ ಹಳೇ ಸಾಮಾನು, ಯಾವುದೂ ಓಡಲ್ಲ. ಅಳಿಸಿಬಿಡ್ಲಾ?” ಎಂದು ಕೇಳಿದ.

ನಾನು ಬೇಡ ಎಂದೆ. ಕಾರಣವಿತ್ತು. ಆ 63ರಲ್ಲಿ ಒಂದು ನಮ್ಮ ಗಣಿತದ ಮೇಷ್ಟ್ರು ಮಾಡಿದ್ದು. ಅವರು ಈಗಿಲ್ಲ. 1997ರಲ್ಲಿ ಶಾಲೆಗೆ ಬಂದ ಮೊದಲ ಕಂಪ್ಯೂಟರಿನ ಮುಂದೆ, ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಗಂಟೆ ಕೂತು, ಕಾಗುಣಿತ ಬಾರದ ಮಕ್ಕಳಿಗೆಂದು ಅವರು ಒಂದು ಆಟ ಬರೆದಿದ್ದರು. ನಮ್ಮಲ್ಲಿ ಆಗ ಕನ್ನಡದ ಫಾಂಟು ಇರಲಿಲ್ಲ. ಅವರು ಒಂದೊಂದು ಅಕ್ಷರವನ್ನೂ ಚಿತ್ರದಂತೆ ಮೌಸಿನಲ್ಲಿ ಬರೆದು ಕೂರಿಸಿದ್ದರು. ಅವರ ಕೈಬರಹದ ‘ಳ’ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಪರದೆಯ ಮೇಲೂ ವಾಲಿಯೇ ನಿಂತಿತ್ತು. ಎಂಟನೆಯ ತರಗತಿಗೆ ಬಂದರೂ ಒತ್ತಕ್ಷರ ಕೂಡದ ಎಷ್ಟೋ ಮಕ್ಕಳು ಅದರ ಮುಂದೆ ಕೂತು ಕಲಿತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರ ಬದಲಾದಾಗಲೆಲ್ಲ ಆ ಆಟವೂ ಜೊತೆಗೆ ಬಂದು, ಕೊನೆಗೆ ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರದಲ್ಲಿ ನೆಲೆ ನಿಂತಿತ್ತು. ಅದನ್ನು ‘ಹಳೇ ಸಾಮಾನು’ ಎಂಬ ಒಂದು ಮಾತಿಗೆ ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ.

ಹೊಸ ಯಂತ್ರದಲ್ಲಿ ಅದನ್ನು ಒತ್ತಿದರೆ, ಇದು ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎಂಬ ಅರ್ಥದ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರುತ್ತದೆ. ಅಷ್ಟೇ. ಯಾಕೆ ಓಡುವುದಿಲ್ಲ? ಫೈಲು ಬೇರೆ ಪ್ರೊಸೆಸರಿನದಾದರೂ ಅದೇ ಮಾತು, ತೀರ ಹಳೆಯದಾದರೂ ಅದೇ ಮಾತು, ನಕಲು ಮಾಡುವಾಗ ಅರ್ಧ ಮುರಿದುಹೋಗಿದ್ದರೂ ಅದೇ ಮಾತು. ಸರಕಾರಿ ಕಚೇರಿಯ ಕಿಟಕಿಯಲ್ಲಿ ಕಾರಣ ಹೇಳದೆ ಅರ್ಜಿ ಹಿಂದಕ್ಕೆ ತಳ್ಳುತ್ತಾರಲ್ಲ, ಹಾಗೆ. ಆ ರಾತ್ರಿ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನ ಹೊಟ್ಟೆಪಾಡೇ ಕಂಪ್ಯೂಟರು. ಎಲ್ಲವನ್ನೂ ಕೇಳಿಸಿಕೊಂಡು, “ಚಿಕ್ಕಮ್ಮ, ಒಂದೊಂದನ್ನೂ ಓಡಿಸಿ ನೋಡೋಕೆ ಹೋಗಬೇಡಿ. ಓಡಿಸೋದು ಬೇರೆ, ಓದೋದು ಬೇರೆ. ಫೈಲಿನ ಹಣೆ ಮೇಲೇ ಬರೆದಿರತ್ತೆ, ಅದನ್ನ ಓದೋಣ” ಎಂದ.

ಆ ಮಾತು ನನಗೆ ಬಹಳ ಹಿಡಿಸಿತು. ಗುರುತಿಲ್ಲದ ಫೈಲನ್ನು ಓಡಿಸುವುದೆಂದರೆ ಗುರುತಿಲ್ಲದವನ ಕೈಗೆ ಮನೆಯ ಬೀಗದ ಕೈ ಕೊಟ್ಟಂತೆ. ಒಳಗೆ ವೈರಸ್ ಇದ್ದರೆ ಅದೂ ಓಡುತ್ತದೆ. ಓದುವುದೆಂದರೆ ಬಾಗಿಲ ಹೊರಗೇ ನಿಲ್ಲಿಸಿ ಊರು ಕೇರಿ ವಿಚಾರಿಸಿದಂತೆ. ವಿಚಾರಿಸಿದ್ದರಿಂದ ಯಾರಿಗೂ ನಷ್ಟವಿಲ್ಲ.

ಹಣೆಬರಹಕ್ಕೆ ಬರುವ ಮೊದಲು, ಪ್ರೊಸೆಸರ್ ಬೇರೆಯಾದರೆ ತೊಂದರೆ ಏನು ಎಂಬುದನ್ನು ಹೇಳಿಬಿಡಬೇಕು. ಓಡುವ ಫೈಲಿನ ಒಳಗಿರುವುದೆಲ್ಲ ಬೈಟುಗಳು. ಬೈಟೆಂದರೆ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ. ಒಂದೊಂದು ಸಂಖ್ಯೆಗೂ ಪ್ರೊಸೆಸರ್ ಒಂದೊಂದು ಅರ್ಥ ಮಾಡಿಕೊಳ್ಳುತ್ತದೆ. ‘ಬಾ’ ಎಂದರೆ ನಮಗೆ ಕರೆ, ಗುಜರಾತಿನ ಮಗುವಿಗೆ ತಾಯಿ. ಉಚ್ಚಾರ ಒಂದೇ, ಅರ್ಥ ಬೇರೆ. ಇಂಟೆಲ್ ಕುಲದ 32 ಬಿಟ್ ಭಾಷೆಯಲ್ಲಿ 48 ಎಂದು ಬರೆಯುವ ಬೈಟಿಗೆ, ಇಂಥ ಜಾಗದಲ್ಲಿರುವ ಸಂಖ್ಯೆಯಿಂದ ಒಂದನ್ನು ಕಳೆ ಎಂದು ಅರ್ಥ. ಅದೇ ಕುಲದ 64 ಬಿಟ್ ಭಾಷೆಯಲ್ಲಿ ಅದೇ 48, ಮುಂದೆ ಬರುವ ಆಜ್ಞೆ 64 ಬಿಟ್ಟಿನದು ಎಂದು ಸೂಚಿಸುವ ಉಪಸರ್ಗ. ಅಣ್ಣ ತಮ್ಮಂದಿರ ನಡುವೆಯೇ ಇಷ್ಟು ವ್ಯತ್ಯಾಸ. ಇನ್ನು ಮೊಬೈಲ್ ಫೋನುಗಳಲ್ಲಿರುವ ‘ಆರ್ಮ್’ ಎಂಬ ಕುಲದ ಭಾಷೆಯಂತೂ ಪೂರ್ತಿ ಬೇರೆ.

ಈ ಬಿಟ್ಟುಗಳ ಲೆಕ್ಕ ಕೇಳಿ ಹೆದರಬೇಕಾಗಿಲ್ಲ. ಪ್ರೊಸೆಸರ್ ಒಮ್ಮೆಗೆ ಎಷ್ಟು ದೊಡ್ಡ ಸಂಖ್ಯೆಯನ್ನು ಹಿಡಿಯಬಲ್ಲದು ಎಂಬುದಕ್ಕೆ ಅದು ಅಳತೆ. 16 ಬಿಟ್ಟಿನಲ್ಲಿ 65,536 ಬೇರೆ ಬೇರೆ ಸಂಖ್ಯೆಗಳು ಹಿಡಿಯುತ್ತವೆ. 32 ಬಿಟ್ಟಿನಲ್ಲಿ 4,29,49,67,296. ಮೆಮೊರಿಯ ಪ್ರತಿ ಬೈಟಿಗೂ ಒಂದು ಮನೆ ನಂಬರು ಬೇಕಾದ್ದರಿಂದ, 32 ಬಿಟ್ಟಿನ ಪ್ರೋಗ್ರಾಮು ನಾಲ್ಕು ಗಿಗಾಬೈಟಿನ ಆಚೆಗಿರುವ ಮನೆಯ ವಿಳಾಸ ಬರೆಯಲಾರದು. ಇಂಟೆಲ್ ತನ್ನ 32 ಬಿಟ್ಟಿನ 386 ಪ್ರೊಸೆಸರನ್ನು 1985ರಲ್ಲಿ ತಂದಿತು. ಅದೇ ಭಾಷೆಯನ್ನು 64 ಬಿಟ್ಟಿಗೆ ಹಿಗ್ಗಿಸಿದ್ದು ಪ್ರತಿಸ್ಪರ್ಧಿಯಾದ ಎಎಂಡಿ. ಆ ಬಗೆಯ ಮೊದಲ ಪ್ರೊಸೆಸರ್ 2003ರಲ್ಲಿ ಮಾರುಕಟ್ಟೆಗೆ ಬಂತು. ಇಂದು ನಮ್ಮ ಮೇಜಿನ ಮೇಲಿರುವ ಬಹುಪಾಲು ಯಂತ್ರಗಳು ಆ ವಂಶದವೇ.

ಈಗ ಹಣೆಬರಹ. ಕನ್ನಡ ಪಾಠದ ಜೊತೆಗೆ ಇತಿಹಾಸವನ್ನೂ ಕಲಿಸಿದವಳಾದ್ದರಿಂದ ನನಗೆ ತಕ್ಷಣ ನೆನಪಾದದ್ದು ತಾಮ್ರಶಾಸನ. ತಗಡುಗಳನ್ನು ಪೋಣಿಸಿದ ಬಳೆಯ ಮೇಲೆ ರಾಜಮುದ್ರೆ ಇರುತ್ತದೆ. ವರಾಹ ಕಂಡರೆ ಬಾದಾಮಿ ಚಾಲುಕ್ಯರು, ಆನೆ ಕಂಡರೆ ತಲಕಾಡಿನ ಗಂಗರು, ಗರುಡ ಕಂಡರೆ ರಾಷ್ಟ್ರಕೂಟರು. ಒಳಗಿನ ಒಂದಕ್ಷರ ಓದುವ ಮೊದಲೇ ವಂಶ ತಿಳಿಯುತ್ತದೆ. ಓಡುವ ಫೈಲುಗಳಿಗೂ ಹಾಗೆಯೇ ಮುದ್ರೆಯಿದೆ. ವಿಂಡೋಸಿನ ಓಡುವ ಫೈಲನ್ನು ಬೈಟು ಬೈಟಾಗಿ ತೆರೆದರೆ ಮೊದಲೆರಡು ಬೈಟು ‘ಎಂ’ ಮತ್ತು ‘ಝಡ್’ ಎಂಬ ಎರಡು ಇಂಗ್ಲಿಷ್ ಅಕ್ಷರ. ಇವು ಮಾರ್ಕ್ ಝ್ಬಿಕೋವ್‌ಸ್ಕಿ ಎಂಬುವರ ಇನಿಷಿಯಲ್ಲುಗಳು. ಡಾಸ್ ಕಾಲದಲ್ಲಿ ಈ ಬಗೆಯ ಫೈಲಿನ ಕಟ್ಟಡವನ್ನು ರೂಪಿಸಿದ ಮೈಕ್ರೋಸಾಫ್ಟಿನ ಎಂಜಿನಿಯರ್ ಅವರು. ದೇವಸ್ಥಾನದ ಮೆಟ್ಟಿಲಿಗೆ ಶಿಲ್ಪಿ ತನ್ನ ಹೆಸರು ಕೆತ್ತಿದಂತೆ, ಇಂದು ಬೆಳಗ್ಗೆ ಹುಟ್ಟಿದ ವಿಂಡೋಸ್ ಪ್ರೋಗ್ರಾಮಿನ ಹೊಸ್ತಿಲಲ್ಲೂ ಆ ಎರಡಕ್ಷರ ಕೂತಿರುತ್ತವೆ.

ಆ ಹೊಸ್ತಿಲಿನ ಹಿಂದೆಯೇ ಇನ್ನೊಂದು ಸೋಜಿಗವಿದೆ. ಹೆಚ್ಚುಕಡಿಮೆ ಎಲ್ಲ ವಿಂಡೋಸ್ ಪ್ರೋಗ್ರಾಮುಗಳ ಮುಂಭಾಗದಲ್ಲಿ ಒಂದು ಪುಟಾಣಿ ಡಾಸ್ ಪ್ರೋಗ್ರಾಮು ಅಡಗಿರುತ್ತದೆ. ಯಾರಾದರೂ ಇದನ್ನು ಡಾಸ್‌ನಲ್ಲಿ ಓಡಿಸಿದರೆ, ಇಲ್ಲಿ ಇದು ಓಡುವುದಿಲ್ಲ ಎಂದು ಒಂದು ಸಾಲು ಹೇಳಿ ಮುಗಿಸುವುದಷ್ಟೇ ಅದರ ಕೆಲಸ. ಡಾಸ್ ಬಳಸುವವರು ಇಂದು ಎಲ್ಲಿದ್ದಾರೆ? ಆದರೂ ಆ ಹಳೆಯ ಕಾವಲುಗಾರ ಬಾಗಿಲು ಬಿಟ್ಟು ಕದಲಿಲ್ಲ. ಅವನಿರುವುದರಿಂದ ನಿಜವಾದ ಹಣೆಬರಹ ಸ್ವಲ್ಪ ಒಳಗಿದೆ. ಎಷ್ಟು ಒಳಗೆ ಎಂಬುದನ್ನು ಬರೆದಿಟ್ಟ ಜಾಗ ಮಾತ್ರ ಗೊತ್ತು: ಸೊನ್ನೆಯಿಂದ ಎಣಿಸಿದರೆ 60ನೆಯ ಬೈಟಿನಿಂದ ಶುರುವಾಗುವ ನಾಲ್ಕು ಬೈಟುಗಳು. ಅಲ್ಲಿರುವ ಸಂಖ್ಯೆಯನ್ನು ಓದಿ, ಆ ಸಂಖ್ಯೆ ಹೇಳಿದಷ್ಟು ದೂರ ಹೋಗಿ ನಿಂತರೆ ಎದುರಿಗೆ ಎರಡನೆಯ ಮುದ್ರೆ.

ಈ ನಾಲ್ಕು ಬೈಟನ್ನು ಓದುವ ಕ್ರಮ ತಲೆಕೆಳಗು. ಚಿಕ್ಕ ಸ್ಥಾನ ಮೊದಲು, ದೊಡ್ಡ ಸ್ಥಾನ ಕೊನೆಗೆ. ಅಕ್ಕನ ಮಗ ಇದನ್ನು ಹೇಗೆ ವಿವರಿಸುವುದೆಂದು ತಡವರಿಸುತ್ತಿದ್ದ. “ಗೊತ್ತು ಬಿಡಪ್ಪ, ನಮ್ಮ ಶಾಸನ ಬರೆದವರದೂ ಇದೇ ಲೆಕ್ಕ” ಎಂದೆ. ಹಳೆಯ ಶಾಸನ, ಜ್ಯೋತಿಷ ಗ್ರಂಥಗಳಲ್ಲಿ ಅಂಕಿಯ ಬದಲು ಪದ ಹೇಳುವ ರೂಢಿಯಿತ್ತು. ಚಂದ್ರ ಎಂದರೆ ಒಂದು, ವೇದ ಎಂದರೆ ನಾಲ್ಕು, ಬಾಣ ಎಂದರೆ ಐದು. ‘ಬಾಣ, ವೇದ, ಚಂದ್ರ’ ಎಂದಿದ್ದರೆ ಅದು 541 ಅಲ್ಲ, 145. ಅಂಕಿಗಳ ನಡಿಗೆ ಎಡಕ್ಕೆ ಎಂಬುದು ಅವರ ನಿಯಮ. ಕಂಪ್ಯೂಟರಿನವರು ಇದಕ್ಕೆ ‘ಲಿಟ್ಲ್ ಎಂಡಿಯನ್’ ಎನ್ನುತ್ತಾರೆ. 1980ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಗಲಿವರನ ಕಥೆಯಲ್ಲಿ ಜಗಳವಾಡುವ ಪಂಗಡಗಳ ಹೆಸರನ್ನು ಈ ಲೆಕ್ಕಕ್ಕೆ ಅಂಟಿಸಿಬಿಟ್ಟರು.

ಇನ್ನೊಂದು ಅಡ್ಡಿ ಹದಿನಾರರ ಎಣಿಕೆ. ಬೈಟುಗಳನ್ನು ಬರೆಯುವಾಗ ಹತ್ತಕ್ಕೆ ಬದಲು ಹದಿನಾರಕ್ಕೆ ಒಂದು ಕಟ್ಟು. ಒಂಬತ್ತರ ಮೇಲೆ ಎ ಎಂದರೆ ಹತ್ತು, ಬಿ ಎಂದರೆ ಹನ್ನೊಂದು, ಹೀಗೆ ಎಫ್ ಎಂದರೆ ಹದಿನೈದು. ಮೇಲೆ ಹೇಳಿದ 48 ಕೂಡ ಈ ಲೆಕ್ಕದ್ದೇ, ನಮ್ಮ ಲೆಕ್ಕದಲ್ಲಿ ಅದು 72. ನನ್ನ ತಾಯಿ ಕೊನೆಯವರೆಗೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದರು. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ಹದಿನಾರಾಣೆಗೆ ಒಂದು ರೂಪಾಯಿ. ಅವರಿದ್ದಿದ್ದರೆ ಇದನ್ನು ನನಗಿಂತ ಬೇಗ ಕಲಿಯುತ್ತಿದ್ದರು.

ಎರಡನೆಯ ಮುದ್ರೆಯಲ್ಲಿ ನಮಗೆ ಮುಖ್ಯವಾದವು ಎರಡು ಬಗೆ. ‘ಎನ್ ಇ’ ಎಂದಿದ್ದರೆ ಅದು 16 ಬಿಟ್ ವಿಂಡೋಸಿನ ಕಾಲದ ಪ್ರೋಗ್ರಾಮು. ‘ಪಿ ಇ’ ಎಂದಿದ್ದು ಹಿಂದೆಯೇ ಎರಡು ಸೊನ್ನೆ ಬೈಟು ಇದ್ದರೆ, 1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆ ಬಂದು ಇಂದಿಗೂ ನಡೆಯುತ್ತಿರುವ ಬಗೆ. ಇದಾದರೆ ಮುಂದಿನ ಎರಡೇ ಎರಡು ಬೈಟಿನಲ್ಲಿ ಪ್ರೊಸೆಸರಿನ ಗುರುತು. 4ಸಿ 01 ಎಂದಿದ್ದರೆ 32 ಬಿಟ್ಟಿನ ಇಂಟೆಲ್ ಭಾಷೆ. 64 86 ಎಂದಿದ್ದರೆ 64 ಬಿಟ್ಟಿನದು. 64 ಎಎ ಎಂದಿದ್ದರೆ 64 ಬಿಟ್ಟಿನ ಆರ್ಮ್. ಇವನ್ನೂ ಹಿಂದುಮುಂದಾಗಿಯೇ ಓದಬೇಕು. ಪುಸ್ತಕಗಳಲ್ಲಿ 014ಸಿ, 8664, ಎಎ64 ಎಂದು ಇರುತ್ತದೆ. ಫೈಲು ಎರಡು ಮೆಗಾಬೈಟಿರಲಿ, ಎರಡು ಗಿಗಾಬೈಟಿರಲಿ, ಓದಬೇಕಾದ್ದು ಹತ್ತು ಹನ್ನೆರಡು ಬೈಟು ಮಾತ್ರ.

ಇಷ್ಟನ್ನು ಕೈಯಿಂದ 63 ಸಲ ಮಾಡಿದರೆ ಕಣ್ಣು ಕುರುಡಾಗುತ್ತದೆ. ಅದಕ್ಕೇ ಸ್ಕ್ರಿಪ್ಟು. ಸ್ಕ್ರಿಪ್ಟೆಂದರೆ ಮನೆಕೆಲಸದವಳಿಗೆ ಬರೆದಿಟ್ಟ ಚೀಟಿಯ ಹಾಗೆ: ಮೊದಲು ಇದು, ಆಮೇಲೆ ಅದು, ಹೀಗಾದರೆ ಹೀಗೆ, ಹಾಗಾದರೆ ಹಾಗೆ. ಹೊಸ ಯಂತ್ರದಲ್ಲಿ ಪೈಥಾನ್ ಹಾಕಿಸಿ, ಅಕ್ಕನ ಮಗ ಫೋನಿನಲ್ಲಿ ಹೇಳುತ್ತ ಹೋದ, ನಾನು ಟೈಪು ಮಾಡುತ್ತ ಹೋದೆ. ಈ ಕೋಶದಲ್ಲಿರುವ ಒಂದೊಂದು ಫೈಲನ್ನೂ ಓದಲು ಮಾತ್ರ ತೆರೆ, ಬರೆಯಲು ಬೇಡ. ಮೊದಲೆರಡು ಬೈಟು ‘ಎಂ ಝಡ್’ ಅಲ್ಲದಿದ್ದರೆ ‘ಮುದ್ರೆ ಇಲ್ಲ’ ಎಂದು ಬರೆದು ಮುಂದಿನದಕ್ಕೆ ಹೋಗು. ಆಗಿದ್ದರೆ 60ನೆಯ ಜಾಗದ ಸಂಖ್ಯೆ ಓದು. ಆ ಸಂಖ್ಯೆ ಫೈಲಿನ ಉದ್ದವನ್ನೇ ಮೀರಿದ್ದರೆ, ಅಥವಾ ಅಲ್ಲಿ ನಮಗೆ ಗೊತ್ತಿರುವ ಎರಡನೆಯ ಮುದ್ರೆ ಇಲ್ಲದಿದ್ದರೆ, ‘ಬಹುಶಃ ಡಾಸ್’ ಎನ್ನು. ‘ಎನ್ ಇ’ ಇದ್ದರೆ ‘16 ಬಿಟ್’ ಎನ್ನು. ‘ಪಿ ಇ’ ಇದ್ದರೆ ಮುಂದಿನ ಎರಡು ಬೈಟು ಓದಿ ಪಟ್ಟಿಯಲ್ಲಿ ಹುಡುಕು. ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಆ ಸಂಖ್ಯೆಯನ್ನೇ ಬರೆದು ‘ಗೊತ್ತಿಲ್ಲ’ ಎನ್ನು. ಎಲ್ಲ ಸೇರಿ ಹನ್ನೆರಡು ಸಾಲಾಯಿತು. ಇದರಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕೊನೆಯ ಸಾಲು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಸಾಲೇ ಇಲ್ಲದಿದ್ದರೆ ಸ್ಕ್ರಿಪ್ಟು ಎಲ್ಲವನ್ನೂ ಯಾವುದಾದರೂ ಒಂದು ಜಾತಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಿತ್ತು.

ಚೀಟಿ ಕೊಟ್ಟು ಗುಂಡಿ ಒತ್ತಿದೆ. ರೆಪ್ಪೆ ಬಡಿಯುವುದರೊಳಗೆ 63 ಸಾಲಿನ ಉತ್ತರ ಪರದೆಯ ಮೇಲೆ. 41 ಫೈಲು 32 ಬಿಟ್. 9 ಫೈಲು 64 ಬಿಟ್. ಯಾರೋ ಹಳೆಯ ಯಂತ್ರಕ್ಕೆ ಇಳಿಸಿಕೊಂಡು, ಅಲ್ಲಿ ಓಡದೆ ಬಿಟ್ಟಿದ್ದವು. 6 ಡಾಸ್. 4 ಫೈಲು 16 ಬಿಟ್ ವಿಂಡೋಸ್. ಉಳಿದ 3ಕ್ಕೆ ಮುದ್ರೆಯೇ ಇಲ್ಲ. ತೆರೆದು ನೋಡಿದರೆ ಅವುಗಳಲ್ಲಿ ಎರಡು, ಇಳಿಸಿಕೊಳ್ಳುವಾಗ ಪ್ರೋಗ್ರಾಮಿನ ಬದಲು ಬಂದು ಕೂತ ಬರಿಯ ವೆಬ್ ಪುಟ; ಇನ್ನೊಂದು ಸೊನ್ನೆ ಬೈಟಿನ ಖಾಲಿ ಚೀಲ.

ಯಾವುದೂ ಓಡಲ್ಲ ಎಂಬ ತೀರ್ಪಿನ ಗತಿ ಏನಾಯಿತು ನೋಡಿ. 64 ಬಿಟ್ ವಿಂಡೋಸಿನ ಒಳಗೆ 32 ಬಿಟ್ಟಿನ ಪ್ರೋಗ್ರಾಮುಗಳಿಗಾಗಿ ಒಬ್ಬ ದುಭಾಷಿಯನ್ನು ಕೂರಿಸಿದ್ದಾರೆ. ಹೀಗಾಗಿ 41ರಲ್ಲಿ ಬಹುಪಾಲು ಹೊಸ ಯಂತ್ರದಲ್ಲೇ ಓಡಿದವು. ಓಡದ ಮೂರು ನಾಲ್ಕಕ್ಕೆ ಬೇರೆ ಕಾರಣಗಳಿದ್ದವು. 64 ಬಿಟ್ಟಿನ ಒಂಬತ್ತಕ್ಕೆ ಕೊನೆಗೂ ತಕ್ಕ ಮನೆ ಸಿಕ್ಕಿತು. ಡಾಸ್‌ನ ಆರಕ್ಕೆ ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಮಿದೆ. ಹಳೆಯ ಯಂತ್ರವನ್ನೇ ಅದು ನಟಿಸಿ ತೋರಿಸುತ್ತದೆ. ಯಂತ್ರ ಜೋಡಿಸುವ ಹುಡುಗ ತೆರೆದು ನೋಡಿದ್ದ ಎರಡೂ ಆ ನಾಲ್ಕು ‘16 ಬಿಟ್’ ಫೈಲುಗಳ ಪೈಕಿಯವು. ಒಂದಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ನೋಡುವುದು ಒಂದೇ ಅಕ್ಕಿಯಾದರೆ ಸರಿ. ಐದು ಬಗೆಯ ಕಾಳು ಬೆರೆತ ಪಾತ್ರೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಮೇಷ್ಟ್ರ ಆಟ ‘16 ಬಿಟ್’ ಎಂದು ಬಂತು. 64 ಬಿಟ್ ವಿಂಡೋಸಿಗೆ 16 ಬಿಟ್ಟಿನ ದುಭಾಷಿಯನ್ನು ಸೇರಿಸಿಯೇ ಇಲ್ಲ. ವಿಂಡೋಸ್ 11 ಬರುವುದು 64 ಬಿಟ್ಟಿನಲ್ಲಿ ಮಾತ್ರ. 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ದುಭಾಷಿ ಇದ್ದ, ಅದಕ್ಕೇ ಅಲ್ಲಿ ಅಷ್ಟು ವರ್ಷ ಆಟ ನಡೆಯಿತು. ಅಂದರೆ ಫೈಲು ಕೆಟ್ಟಿಲ್ಲ, ಮುರಿದಿಲ್ಲ. ಅದರ ಮಾತು ತಿಳಿಯುವವರು ಈ ಹೊಸ ಮನೆಯಲ್ಲಿಲ್ಲ, ಅಷ್ಟೆ.

ತಾಂಡಾದಿಂದ ನಮ್ಮ ಶಾಲೆಗೆ ಬರುವ ಕೆಲವು ಮಕ್ಕಳು ಮೊದಲ ವಾರಗಳಲ್ಲಿ ತುಟಿ ಬಿಚ್ಚುವುದಿಲ್ಲ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ. ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದು ‘ಮಂದ’ ಎಂದು ಒಂದೇ ಪದದಲ್ಲಿ ಬರೆದು ಮುಗಿಸಿದ ವರದಿಗಳನ್ನು ನಾನು ಓದಿದ್ದೇನೆ. ಅಂಥ ಮಗುವಿಗೆ ಅದರ ಮನೆಮಾತು ಬಲ್ಲ ಒಬ್ಬ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿ ನೋಡಬೇಕು, ಮಾತಿನ ಮಳೆ. ಮೇಷ್ಟ್ರ ಆಟದ ಮುಂದೆ ಹೆಚ್ಚು ಹೊತ್ತು ಕೂರುತ್ತಿದ್ದವರು ಈ ಮಕ್ಕಳೇ. ಇಲ್ಲಿ ಓಡದ್ದು ಎಲ್ಲಿಯೂ ಓಡದ್ದಲ್ಲ ಎಂಬುದನ್ನು ಅವರಿಂದಲೇ ಮೊದಲು ಕಲಿತಿದ್ದೆ. ಸ್ಕ್ರಿಪ್ಟು ಅದನ್ನೇ ಅಂಕಿಯಲ್ಲಿ ಹೇಳಿತು.

ಹಾಗೆಂದು ಹಣೆಬರಹವೇ ಎಲ್ಲ ಎಂದೂ ತಿಳಿಯಬಾರದು. ಕೆಲವು ಕಡೆ ಅದನ್ನು ಎಚ್ಚರದಿಂದ ಓದಬೇಕು. ಪ್ರೋಗ್ರಾಮನ್ನು ಯಂತ್ರಕ್ಕೆ ಕೂರಿಸುವ ‘ಸೆಟಪ್’ ಫೈಲು ಎಷ್ಟೋ ಸಲ 32 ಬಿಟ್ ಇರುತ್ತದೆ, ಅದು ತಂದು ಕೂರಿಸುವ ಪ್ರೋಗ್ರಾಮು 64 ಬಿಟ್. ಬೀಗರನ್ನು ಕರೆತಂದ ಗಾಡಿಯವನನ್ನು ನೋಡಿ ಬೀಗರ ಗುಣ ಹೇಳಲಾಗುವುದಿಲ್ಲವಲ್ಲ. ‘ಡಾಟ್‌ನೆಟ್’ ಎಂಬ ಬಗೆಯ ಕೆಲವು ಪ್ರೋಗ್ರಾಮುಗಳ ಹಣೆಯ ಮೇಲೆ 4ಸಿ 01 ಎಂದೇ ಇದ್ದರೂ, 64 ಬಿಟ್ ಯಂತ್ರದಲ್ಲಿ ಅವು 64 ಬಿಟ್ಟಾಗಿಯೇ ಓಡುತ್ತವೆ. ಅವುಗಳ ಪಾಲಿಗೆ ಇನ್ನೂ ಒಳಗಿನ ಬೇರೊಂದು ಗುರುತನ್ನು ನೋಡಬೇಕು.

ಎಲ್ಲಕ್ಕಿಂತ ವಿನೋದ ವಿಂಡೋಸಿನ ಸ್ವಂತ ಮನೆಯದು. 64 ಬಿಟ್ ವಿಂಡೋಸಿನಲ್ಲಿ ‘ಸಿಸ್ಟಮ್32’ ಎಂಬ ಕೋಶದಲ್ಲಿರುವುದು 64 ಬಿಟ್ ಫೈಲುಗಳು. ‘ಸಿಸ್‌ವಾವ್64’ ಎಂಬ ಕೋಶದಲ್ಲಿರುವುದು 32 ಬಿಟ್ಟಿನವು. ಕ್ಷೀರಸಾಗರನ ಮನೆಯಲ್ಲಿ ಮಜ್ಜಿಗೆ, ಮಜ್ಜಿಗಪ್ಪನ ಮನೆಯಲ್ಲಿ ಕ್ಷೀರ! ಹಳೆಯ ಪ್ರೋಗ್ರಾಮುಗಳು ರೂಢಿಯಂತೆ ‘ಸಿಸ್ಟಮ್32’ ಎಂದೇ ಕೇಳುತ್ತಿದ್ದುದರಿಂದ ಆ ಹೆಸರನ್ನು ಬದಲಿಸಲಿಲ್ಲ. ಅಷ್ಟೇ ಅಲ್ಲ, 32 ಬಿಟ್ಟಿನ ಪ್ರೋಗ್ರಾಮೊಂದು ‘ಸಿಸ್ಟಮ್32’ರ ಬಾಗಿಲು ತಟ್ಟಿದರೆ, ವಿಂಡೋಸ್ ಅದಕ್ಕೆ ತಿಳಿಯದ ಹಾಗೆ ಇನ್ನೊಂದು ಮನೆಗೆ ಕಳಿಸಿಬಿಡುತ್ತದೆ. ನಾವು ಬಳಸುವ ಪೈಥಾನೇ 32 ಬಿಟ್ಟಿನದಾಗಿದ್ದರೆ ಸ್ಕ್ರಿಪ್ಟು ಕೇಳುವುದು ಒಬ್ಬರನ್ನು, ಉತ್ತರ ಸಿಗುವುದು ಇನ್ನೊಬ್ಬರಿಂದ. ಹಾಗಾಗಿ ಉತ್ತರ ನಂಬುವ ಮೊದಲು ಕೇಳುವವರು ಯಾರೆಂಬುದನ್ನೂ ನೋಡಿಕೊಳ್ಳಬೇಕು. ಅಕ್ಕನ ಮಗ ಮೊದಲೇ ನೆನಪಿಟ್ಟು 64 ಬಿಟ್ಟಿನ ಪೈಥಾನನ್ನೇ ಹಾಕಿಸಿದ್ದ.

ವಿಂಡೋಸ್ ಬಿಟ್ಟು ಬೇರೆ ವಂಶಗಳೂ ಉಂಟು. ಲಿನಕ್ಸಿನ ಓಡುವ ಫೈಲಿನ ಮೊದಲ ಬೈಟು 7ಎಫ್, ಹಿಂದೆಯೇ ಇ, ಎಲ್, ಎಫ್ ಎಂಬ ಮೂರಕ್ಷರ. ಅದರ ಮುಂದಿನ ಬೈಟು 1 ಆದರೆ 32 ಬಿಟ್, 2 ಆದರೆ 64. ಸೊನ್ನೆಯಿಂದ ಎಣಿಸಿ 18ನೆಯ ಜಾಗಕ್ಕೆ ಹೋದರೆ ಪ್ರೊಸೆಸರಿನ ಸಂಖ್ಯೆ: ನಮ್ಮ ಹತ್ತರ ಲೆಕ್ಕದಲ್ಲೇ ಹೇಳುವುದಾದರೆ 3 ಎಂದರೆ 386ರ ಭಾಷೆ, 62 ಎಂದರೆ ಅದರ 64 ಬಿಟ್ ರೂಪ, 183 ಎಂದರೆ 64 ಬಿಟ್ ಆರ್ಮ್. ನಮ್ಮ ಸೆರಗಿನ ಗಂಟಿಗಿಂತ ಹತ್ತಿರವಿರುವ ಆಂಡ್ರಾಯ್ಡ್ ಫೋನಿನೊಳಗೂ ಈ ಮುದ್ರೆಯ ಫೈಲುಗಳು ತುಂಬಿವೆ. ಆಪಲ್ 2020ರಲ್ಲಿ ಇಂಟೆಲ್ ಬಿಟ್ಟು ತನ್ನದೇ ಆರ್ಮ್ ಪ್ರೊಸೆಸರಿಗೆ ಹೊರಳಿದಾಗ, ಎರಡು ಭಾಷೆಯ ಆಜ್ಞೆಗಳನ್ನೂ ಒಂದೇ ಫೈಲಿನಲ್ಲಿಡುವ ಜೋಡಿ ಕಟ್ಟು ಚಾಲ್ತಿಗೆ ಬಂತು. ಅದರ ಮೊದಲ ನಾಲ್ಕು ಬೈಟು ಸಿಎ, ಎಫ್‌ಇ, ಬಿಎ, ಬಿಇ. ಜಾವಾ ಭಾಷೆಯ ಫೈಲುಗಳಿಗೂ ಅದೇ ಮುದ್ರೆ! ಒಂದೇ ಲಾಂಛನದ ಎರಡು ರಾಜವಂಶ ಇದ್ದ ಹಾಗೆ. ಅಲ್ಲಿ ಮುದ್ರೆಯಷ್ಟೇ ಸಾಲದು, ಮುಂದಿನ ಬೈಟನ್ನೂ ನೋಡಿ ತೀರ್ಮಾನಿಸಬೇಕು. ಯುನಿಕ್ಸಿನಲ್ಲಿ ಈ ಕೆಲಸಕ್ಕೆಂದೇ ‘ಫೈಲ್’ ಎಂಬ ಆಜ್ಞೆಯೊಂದು 1973ರಿಂದಲೂ ಇದೆ. ಅದು ನೋಡುವುದು ಫೈಲಿನ ಒಳಗನ್ನು, ಹೆಸರಿನ ಬಾಲವನ್ನಲ್ಲ.

ವಾರ ಮುಗಿಯುವ ಮೊದಲು ಮುಖ್ಯೋಪಾಧ್ಯಾಯರ ಮುಂದೆ 63 ಸಾಲಿನ ಪಟ್ಟಿ ಇಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, “ಮೇಷ್ಟ್ರದ್ದು ಯಾವುದು ಟೀಚರ್?” ಎಂದರು. ಬೆರಳಿಟ್ಟು ತೋರಿಸಿದೆ. ಅವರೂ ಕೆಲವು ವರ್ಷ ಆ ಮೇಷ್ಟ್ರ ಜೊತೆ ಕೆಲಸ ಮಾಡಿದವರು. ವಿಲೇವಾರಿ ಪಟ್ಟಿಯಿಂದ ಎಕ್ಸ್‌ಪಿ ಇರುವ ಒಂದು ಯಂತ್ರದ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಸಹಿ ಹಾಕಿದರು. ಆ ಯಂತ್ರಕ್ಕೆ ಇಂಟರ್‌ನೆಟ್ಟಿನ ತಂತಿ ಜೋಡಿಸಬಾರದೆಂದು ಅಕ್ಕನ ಮಗ ಕಟ್ಟಪ್ಪಣೆ ಮಾಡಿದ. ಅದಕ್ಕೀಗ ಬೆಂಬಲ ಕೊಡುವವರಿಲ್ಲ. ಆಟದ ನಕಲನ್ನೂ, ಅದಕ್ಕೆ ಬೇಕಾದ ಜೊತೆ ಫೈಲುಗಳನ್ನೂ ಮೂರು ಕಡೆ ಇಟ್ಟಿದ್ದೇವೆ. ಇದೂ ಕೆಟ್ಟರೆ, ಹಳೆಯ ವಿಂಡೋಸನ್ನು ಹೊಸ ಯಂತ್ರದೊಳಗೇ ನಟಿಸುವಂತೆ ಮಾಡುವ ದಾರಿ ಇದೆಯೆಂದು ಅವನು ಧೈರ್ಯ ಹೇಳಿದ್ದಾನೆ.

ಸ್ಟಾಕ್ ರಿಜಿಸ್ಟರಿನಲ್ಲಿ ಈ ಫೈಲುಗಳಿಗೆಂದು ಹೊಸ ಪುಟ ತೆಗೆದೆ. ಕೊನೆಯ ಅಂಕಣ ‘ಸ್ಥಿತಿ’. ಸಾಮಾನ್ಯವಾಗಿ ಅಲ್ಲಿ ನಾವು ಬರೆಯುವ ಪದಗಳು ಎರಡೇ: ಉಪಯುಕ್ತ, ನಿರುಪಯುಕ್ತ. ಮೇಷ್ಟ್ರ ಆಟದ ಸಾಲಿಗೆ ಬಂದಾಗ ಎರಡನ್ನೂ ಬಿಟ್ಟು ಹೀಗೆ ಬರೆದೆ: “ಎನ್ ಇ, 16 ಬಿಟ್. ಓದುವ ಕೋಣೆಯ ಕಿಟಕಿ ಪಕ್ಕದ ಯಂತ್ರದಲ್ಲಿ ಓಡುತ್ತದೆ. ‘ಳ’ ಎಡಕ್ಕೆ ವಾಲಿರುವುದು ಬರೆದವರ ಕೈಬರಹ, ತಿದ್ದಬಾರದು.”